ನುಡಿಯ ಚಲಾವಣೆ

ಲೋಕವ್ಯವಹಾರವು ಎರಡು ವಸ್ತುಗಳ ಆಧಾರದ ಮೇಲೆ ನಡೆಯುತ್ತದೆ. ಒಂದು ನಾಣ್ಯ, ಇನ್ನೊಂದು ನುಡಿ. ಅಂಗಡಿಯಲ್ಲಿ ಕೊಡುವುದು ಕೊಳ್ಳುವುದು ನಾಣ್ಯದಿಂದ. ಮನೆಯಲ್ಲಿ, ನೆರೆಹೊರೆಯಲ್ಲಿ, ಸಮಾಜದಲ್ಲಿ ಕೊಡುವುದು ಕೊಳ್ಳುವುದು ನುಡಿಯಿಂದ. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ವಿಚಾರಿಸಿ ನೋಡಿದರೆ ಎರಡರ ಜೀವವೂ ಒಂದೇ, ಅದು ನಂಬುಗೆ. ಒಂದು ಲೋಹದ ಬಿಲ್ಲೆಯನ್ನು ಕೈಗಿಟ್ಟ ಮಾತ್ರಕ್ಕೆ ಹೂವಾಡಗಿತ್ತಿಯು ಮಲ್ಲಿಗೆಯ ಮಾಲೆಯನ್ನು ಮೊಳ ಹಾಕಿ ಕೊಡುತ್ತಾಳೆ. ಅವಳಿಗೆ ಬೇಕಾದದ್ದು ಆ ಲೋಹವಲ್ಲ. ನಾಳೆ ತಾನು ಅದನ್ನು ಕೊಟ್ಟಾಗ ಮತ್ತೊಬ್ಬನು ಮರುಮಾತಿಲ್ಲದೆ ಕೊಳ್ಳುವನೆಂಬ ಭರವಸೆ ಅವಳಿಗಿದೆ. ನುಡಿಯ ಸ್ಥಿತಿಯೂ ಹೀಗೆಯೇ. ಕೇಳಿದವನು ನಂಬುವನೆಂಬ ಭರವಸೆ ಇಲ್ಲದಿದ್ದರೆ ಆಡುವ ಮಾತು ಬರಿಯ ಸದ್ದಾಗುವುದು.

ಕನ್ನಡ ಭಾಷೆಯು ಈ ಸಾಮ್ಯವನ್ನು ಎಂದೋ ಗುರುತಿಸಿದೆ. ಕೊಟ್ಟ ಮಾತಿಗೆ ತಪ್ಪದವನನ್ನು ಹಿರಿಯರು ‘ನಾಣ್ಯಸ್ಥ’ನೆಂದು ಕರೆದರು. ನಾಣ್ಯವೂ ಸಲ್ಲಬೇಕು, ಮಾತೂ ಸಲ್ಲಬೇಕು. ಸಲ್ಲದ ನಾಣ್ಯ, ಸಲ್ಲದ ಮಾತು ಎಂಬ ಎರಡು ಪ್ರಯೋಗಗಳಲ್ಲಿಯೂ ಧಾತು ಒಂದೇ. ಬಿಜ್ಜಳನ ಭಂಡಾರಿಯಾಗಿ ಹೊನ್ನಿನ ಲೆಕ್ಕವನ್ನು ಬಲ್ಲವರಾಗಿದ್ದ ಬಸವಣ್ಣನವರು ಈ ಮರ್ತ್ಯವನ್ನು ಕಮ್ಮಟಕ್ಕೆ ಹೋಲಿಸಿದ ವಚನವು ಈ ಪತ್ರಿಕೆಯ ವಾಚಕರಿಗೆ ಚಿರಪರಿಚಿತವಾದದ್ದು. ಆ ಹೋಲಿಕೆಯ ಹೃದಯವಿರುವುದೂ ಸಲ್ಲುವಿಕೆಯೆಂಬ ಈ ಒಂದು ಶಬ್ದದಲ್ಲಿಯೇ.

ಆದರೆ ಸಲ್ಲುವುದು ಬೇರೆ, ಓಡಾಡುವುದು ಬೇರೆ. ಖೋಟಾ ನಾಣ್ಯವು ನೂರು ಕೈಗಳಲ್ಲಿ ಓಡಾಡಿದರೂ ಸಲ್ಲುವ ನಾಣ್ಯವಾಗದು. ಸಲ್ಲುವ ನಾಣ್ಯವು ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿದ್ದರೂ ಖೋಟಾ ಆಗದು. ಈ ಎರಡನ್ನು ಒಂದೆಂದು ಭಾವಿಸುವುದರಿಂದಲೇ ಲೋಕದಲ್ಲಿ ಅನೇಕ ತಪ್ಪುತಿಳಿವಳಿಕೆಗಳು ಬೇರೂರುತ್ತವೆ. ಹಾಗೆ ಬೇರೂರಿದ ಒಂದು ಸುಳ್ಳಿಗೆ ಹೊಣೆಗಾರರು ಯಾರು? ಹುಟ್ಟಿಸಿದವನೊಬ್ಬನೇ, ಅಥವಾ ಅದನ್ನು ಕೈಯಿಂದ ಕೈಗೆ ದಾಟಿಸಿದ ಪ್ರತಿಯೊಬ್ಬನೂ? ಈ ಪ್ರಶ್ನೆಯನ್ನು ಕೆಲವು ನಿತ್ಯಜೀವನದ ದೃಷ್ಟಾಂತಗಳಿಂದ ಪರಿಶೀಲಿಸಬಹುದು.

ಮೊದಲನೆಯ ದೃಷ್ಟಾಂತವು ಹತ್ತು ರೂಪಾಯಿಯ ನಾಣ್ಯದ್ದು. ಎರಡು ಬಣ್ಣದ ಲೋಹಗಳನ್ನು ಕೂಡಿಸಿ ಮಾಡಿದ ಈ ನಾಣ್ಯವು ಜನರ ಕೈಗೆ ಬಂದದ್ದು ೨೦೦೯ರಲ್ಲಿ. ಕಾಲಕಾಲಕ್ಕೆ ಅದರ ವಿನ್ಯಾಸವು ಬದಲಾಯಿತು. ೨೦೧೧ರಿಂದೀಚೆಗೆ ರೂಪಾಯಿಯ ಹೊಸ ಚಿಹ್ನೆಯನ್ನು ಹೊತ್ತ ನಾಣ್ಯಗಳು ಬಂದವು. ಚಿಹ್ನೆಯಿಲ್ಲದ ಹಳೆಯವೂ ಉಳಿದವು. ಕೆಲವುಗಳ ಮೇಲೆ ಹತ್ತು ಎಸಳುಗಳಂತಹ ಗೆರೆಗಳು, ಕೆಲವುಗಳ ಮೇಲೆ ಹದಿನೈದು. ೨೦೧೬ರ ಸುಮಾರಿಗೆ ಒಂದು ಮಾತು ಹುಟ್ಟಿತು: ಹತ್ತು ಗೆರೆಯದು ಅಸಲು, ಹದಿನೈದು ಗೆರೆಯದು ಖೋಟಾ. ಕೆಲವು ದಿನಗಳಲ್ಲಿ ಆ ಮಾತು ಬೆಳೆದು, ಹತ್ತು ರೂಪಾಯಿಯ ನಾಣ್ಯವೇ ನಿಂತುಹೋಗಿದೆಯೆಂದಾಯಿತು. ಅದನ್ನು ಹೇಳಿದವನಾರೆಂದು ಯಾರೂ ಕೇಳಲಿಲ್ಲ. ಮೊಬೈಲು ಫೋನುಗಳಲ್ಲಿ ಚಿತ್ರಸಹಿತವಾಗಿ ಅದು ಊರಿಂದೂರಿಗೆ ಹರಿಯಿತು.

ರಿಸರ್ವ್ ಬ್ಯಾಂಕು ೨೦೧೬ರ ನವೆಂಬರಿನಲ್ಲಿ ಇದು ನಿಜವಲ್ಲವೆಂದು ಪ್ರಕಟಿಸಿತು. ೨೦೧೮ರ ಜನವರಿಯಲ್ಲಿ ಮತ್ತೊಮ್ಮೆ ಸಾರಿ, ಅದುವರೆಗೆ ಹೊರಡಿಸಿದ ಹದಿನಾಲ್ಕು ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೆಲ್ಲವೂ ಸಲ್ಲತಕ್ಕವೆಂದು ತಿಳಿಸಿತು. ೨೦೧೧ರ ನಾಣ್ಯ ಕಾನೂನಿನ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಸಾವಿರ ರೂಪಾಯಿಯ ಮೊತ್ತದವರೆಗೆ ಸಲ್ಲುತ್ತವೆ. ಇಷ್ಟಾದರೂ ಕರ್ನಾಟಕ, ತಮಿಳುನಾಡು ಮೊದಲಾದ ಕಡೆಗಳ ಎಷ್ಟೋ ಊರುಗಳಲ್ಲಿ ವರ್ಷಗಳ ಕಾಲ ಅಂಗಡಿಯವನು ಅದನ್ನು ಹಿಂದಕ್ಕೆ ತಳ್ಳಿದನು, ಬಸ್ಸಿನ ಕಂಡಕ್ಟರನು ‘ನೋಟು ಕೊಡಿ’ ಎಂದನು. ಕಮ್ಮಟದಲ್ಲಿ ಅಚ್ಚಾದ ನಾಣ್ಯವು ನಿಂತಿತು. ಎಲ್ಲಿಯೂ ಅಚ್ಚಾಗದ ಮಾತು ಓಡಿತು.

ಇದರ ನಷ್ಟವು ಯಾರಿಗೆ ತಟ್ಟಿತೆಂಬುದನ್ನು ಗಮನಿಸಬೇಕು. ಬ್ಯಾಂಕಿನ ಖಾತೆಯಿಂದಲೋ ಮೊಬೈಲಿನಿಂದಲೋ ಹಣ ಸಂದಾಯ ಮಾಡುವ ಅನುಕೂಲಸ್ಥನಿಗೆ ಹತ್ತು ರೂಪಾಯಿಯ ನಾಣ್ಯವು ಸಲ್ಲಲಿ ಸಲ್ಲದಿರಲಿ, ಊಟ ತಪ್ಪದು. ದಿನದ ಗಳಿಕೆಯನ್ನೆಲ್ಲ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಸಂಜೆ ದಿನಸಿ ಅಂಗಡಿಗೆ ಹೋಗುವ ಸೊಪ್ಪಿನವಳಿಗೆ ಅದು ತಪ್ಪಬಹುದು. ಅವಳ ಗಂಟಿನಲ್ಲಿರುವುದು ಬಹುಪಾಲು ನಾಣ್ಯವೇ. ಬೆಳಿಗ್ಗೆ ಗಿರಾಕಿಯು ಕೊಟ್ಟ ಐದು ನಾಣ್ಯಗಳನ್ನು ಸಂಜೆ ಅಂಗಡಿಯವನು ಕೊಳ್ಳದಿದ್ದರೆ ಐವತ್ತು ರೂಪಾಯಿಯ ಬೇಳೆಯೋ ಎಣ್ಣೆಯೋ ಆ ದಿನ ಮನೆಗೆ ಬರುವುದಿಲ್ಲ. ನಾಣ್ಯವು ಕೈಬದಲಾಯಿಸದಿದ್ದರೆ ಚಿಲ್ಲರೆಯ ಅಭಾವವೂ ಹೆಚ್ಚುತ್ತದೆ. ಎಂಟು ರೂಪಾಯಿಯ ಪದಾರ್ಥಕ್ಕೆ ಹತ್ತು ರೂಪಾಯಿಯ ನೋಟನ್ನು ಕೊಟ್ಟವನಿಗೆ ಎರಡು ಪೆಪ್ಪರ್‌ಮಿಂಟುಗಳು ಹಿಂದಿರುಗುತ್ತವೆ. ಕೈತುಂಬ ಇರುವವನು ಇದಕ್ಕೆ ನಕ್ಕು ಸುಮ್ಮನಾಗುತ್ತಾನೆ. ಆದರೆ ಒಂದು ರೂಪಾಯಿಗೆ ದೊರೆಯುತ್ತಿದ್ದ ಬೆಂಕಿಪೊಟ್ಟಣವು ೨೦೨೧ರ ಡಿಸೆಂಬರಿನಲ್ಲಿ ಎರಡು ರೂಪಾಯಿಯಾದಾಗ ಅದರ ಬಿಸಿಯನ್ನು ಬಲ್ಲ ಮನೆಗಳೂ ಈ ನಾಡಿನಲ್ಲಿವೆ. ಬೆಲೆಯೇರಿಕೆಯನ್ನು ಜನರು ಸರ್ಕಾರದ ಮೇಲೆ, ವ್ಯಾಪಾರಿಗಳ ಮೇಲೆ, ಮಳೆಯ ಮೇಲೆ ಹೊರಿಸುವುದುಂಟು. ಹೊರಿಸಲು ಕಾರಣಗಳೂ ಉಂಟು. ಆದರೆ ಒಂದು ಪೊಳ್ಳು ಮಾತಿನಿಂದ ಬಡವನ ಗಳಿಕೆಯೇ ಒಂದು ದಿನ ಬೆಲೆ ಕಳೆದುಕೊಂಡರೆ ಆ ಏರಿಕೆಯು ಯಾವ ಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವಿದೆ. ನಾಣ್ಯವನ್ನು ತಳ್ಳುವ ವ್ಯಾಪಾರಿಯನ್ನು ‘ಇದು ಖೋಟಾ ಎಂದು ನಂಬಿದ್ದೀರಾ?’ ಎಂದು ಕೇಳಿದರೆ ಅವನು ಬಹುಮಟ್ಟಿಗೆ ‘ಇಲ್ಲ’ವೆನ್ನುತ್ತಾನೆ. ‘ಇದು ಸಲ್ಲುತ್ತದೆಂದು ಗೊತ್ತು. ಆದರೆ ನನ್ನಿಂದ ಬೇರೆಯವರು ತೆಗೆದುಕೊಳ್ಳುವುದಿಲ್ಲವಲ್ಲ’ ಎಂಬುದು ಅವನ ಉತ್ತರ. ಆ ಬೇರೆಯವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಹೀಗೆ ಒಂದು ಬೀದಿಯ ಇಪ್ಪತ್ತು ಅಂಗಡಿಗಳಲ್ಲಿ ಒಬ್ಬನೂ ನಂಬದ ಸುಳ್ಳಿಗೆ ಇಪ್ಪತ್ತು ಮಂದಿಯೂ ತಲೆಬಾಗುತ್ತಾರೆ.

ಮೇಕೆಯನ್ನು ಹೊತ್ತು ಹೋಗುತ್ತಿದ್ದ ಬ್ರಾಹ್ಮಣನ ಕಥೆಯನ್ನು ಪಂಚತಂತ್ರದಲ್ಲಿ ಎಲ್ಲರೂ ಓದಿದ್ದಾರೆ. ಮೂವರು ಧೂರ್ತರು ಒಬ್ಬರಾದ ಮೇಲೊಬ್ಬರು ಎದುರಾಗಿ ಅದನ್ನು ನಾಯಿಯೆಂದಾಗ ಅವನು ತನ್ನ ಕಣ್ಣನ್ನೇ ನಂಬದೆ ಮೇಕೆಯನ್ನು ಬಿಸುಟು ಹೋದನು. ಆ ಬ್ರಾಹ್ಮಣನ ಬುದ್ಧಿಯು ಮಂಕಾದದ್ದು ನಿಜ. ಆದರೂ ಅವನು ತಾನು ಹೊತ್ತದ್ದು ನಾಯಿಯೆಂದು ನಂಬಿ ಬಿಸುಟನು. ಇಂದಿನವನು ಮೇಕೆಯೆಂದು ಬಲ್ಲವನಾಗಿಯೂ ಬಿಸುಡುತ್ತಾನೆ. ಇವರಿಬ್ಬರಲ್ಲಿ ಯಾರ ಸ್ಥಿತಿ ಹೆಚ್ಚು ಶೋಚನೀಯವೆಂಬುದನ್ನು ಬಲ್ಲವರು ವಿಚಾರಿಸಬೇಕು.

ಶಾಸ್ತ್ರಕಾರರು ಭ್ರಮೆಯನ್ನು ವಿವರಿಸಲು ಹಗ್ಗ ಮತ್ತು ಹಾವಿನ ದೃಷ್ಟಾಂತವನ್ನು ಕೊಡುವುದು ವಾಡಿಕೆ. ಮಬ್ಬುಗತ್ತಲಲ್ಲಿ ಹಗ್ಗವು ಹಾವಾಗಿ ತೋರುತ್ತದೆ. ದೀಪವನ್ನು ತಂದೊಡನೆ ಹಾವು ಇಲ್ಲವಾಗುತ್ತದೆ. ಅಜ್ಞಾನದಿಂದ ಹುಟ್ಟಿದ್ದು ಜ್ಞಾನದಿಂದ ಅಳಿಯುತ್ತದೆಂಬುದು ಅದರ ತಾತ್ಪರ್ಯ. ಆದರೆ ಹತ್ತು ರೂಪಾಯಿಯ ನಾಣ್ಯದ ವಿಷಯದಲ್ಲಿ ದೀಪವನ್ನು ಮತ್ತೆ ಮತ್ತೆ ತಂದರೂ ಹಾವು ಹೋಗಲಿಲ್ಲ. ಏಕೆಂದರೆ ಅಲ್ಲಿದ್ದುದು ಅಜ್ಞಾನವಲ್ಲ, ಅಂಜಿಕೆ. ಬೆಳಕಿನಲ್ಲಿ ಹಗ್ಗವನ್ನು ಕಂಡವನೂ ‘ಉಳಿದವರು ಓಡುತ್ತಿದ್ದಾರೆ, ನಾನೊಬ್ಬನು ನಿಲ್ಲಲೇ?’ ಎಂದು ಓಡುತ್ತಾನೆ. ಈ ಬಗೆಯ ಸುಳ್ಳಿಗೆ ಅರಿವೊಂದೇ ಔಷಧವಾಗದು. ಯಾರಾದರೊಬ್ಬನು ಬಗ್ಗಿ ಹಗ್ಗವನ್ನು ಕೈಯಲ್ಲೆತ್ತಿ ತೋರಿಸಬೇಕು. ಅಂದರೆ ಅರಿವು ಆಚಾರಕ್ಕಿಳಿಯಬೇಕು. ಶರಣರು ನುಡಿಯೊಡನೆ ನಡೆಯನ್ನು ಜೋಡಿಸಿ, ಅರಿವಿನೊಡನೆ ಆಚಾರವನ್ನು ಬೆಸೆದುದು ಕೇವಲ ಮೋಕ್ಷಸಾಧನೆಗಾಗಿ ಎಂದು ತಿಳಿಯುವವರು ಇದನ್ನು ಮನನ ಮಾಡಬೇಕು. ಸಂತೆಯ ಬೀದಿಯಲ್ಲಿ ಒಂದು ನಾಣ್ಯವನ್ನು ಕೈಚಾಚಿ ಕೊಳ್ಳುವಷ್ಟು ಚಿಕ್ಕ ಕೆಲಸಕ್ಕೂ ಆ ಬೆಸುಗೆ ಬೇಕಾಗುತ್ತದೆ. ಐವತ್ತು ಪೈಸೆಯ ನಾಣ್ಯವು ಕಾನೂನಿನಲ್ಲಿ ಇಂದಿಗೂ ಹತ್ತು ರೂಪಾಯಿಯವರೆಗೆ ಸಲ್ಲುತ್ತದೆ. ಅದನ್ನು ಸಾಯಿಸಿದ್ದು ಯಾವ ಆಜ್ಞೆಯೂ ಅಲ್ಲ. ಎಲ್ಲರೂ ಎಲ್ಲರ ಮುಖವನ್ನು ನೋಡುತ್ತ ಕೈಬಿಟ್ಟಿದ್ದರಿಂದ ಅದು ಬದುಕಿದ್ದೂ ಸತ್ತಂತಾಗಿದೆ.

ಆದರೂ ನಾಣ್ಯವನ್ನು ಕೊಳ್ಳಲು ಹಿಂಜರಿದವರೆಲ್ಲರನ್ನೂ ಒಂದೇ ಮಾತಿನಿಂದ ಹಳಿಯುವುದು ನ್ಯಾಯವಾಗದು. ಅವರ ಅಂಜಿಕೆಗೆ ಆಧಾರವಿಲ್ಲದಿಲ್ಲ. ೨೦೧೧ರ ಜೂನ್ ೩೦ರಿಂದ ಇಪ್ಪತ್ತೈದು ಪೈಸೆ ಮತ್ತು ಅದಕ್ಕೆ ಕೆಳಗಿನ ನಾಣ್ಯಗಳು ನಿಂತವು. ೨೦೧೬ರ ನವೆಂಬರ್ ೮ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ಕೆಲವೇ ಗಂಟೆಗಳಲ್ಲಿ ಸಲ್ಲದಾದವು. ಹೀಗೆ ಒಮ್ಮೆ ಕೈಸುಟ್ಟುಕೊಂಡ ಬಡ ವ್ಯಾಪಾರಿಗೆ ಹತ್ತು ರೂಪಾಯಿಯ ನಾಣ್ಯವೂ ಕೆಂಡದಂತೆ ತೋರಿದರೆ ಆಶ್ಚರ್ಯವೇನು? ಅಂಗಡಿಯಲ್ಲಿ ಕೂಡಿದ ನಾಣ್ಯಗಳ ಚೀಲವನ್ನು ಹೊತ್ತು ಹೋದವನಿಗೆ ‘ಎಣಿಸಲು ವೇಳೆಯಿಲ್ಲ’ವೆಂದು ಹೇಳಿ ಕಳಿಸಿದ ಬ್ಯಾಂಕುಗಳೂ ಇಲ್ಲದಿಲ್ಲ. ನಾಣ್ಯಗಳನ್ನು ನಿರಾಕರಿಸಕೂಡದೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಪುನಃ ಪುನಃ ಸೂಚಿಸಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ಆದುದರಿಂದ ಹೊಣೆಯು ಎಲ್ಲರಿಗೂ ಸಮಾನವಲ್ಲ. ಹತ್ತು ರೂಪಾಯಿಯ ನಷ್ಟವನ್ನು ತಡೆದುಕೊಳ್ಳಬಲ್ಲವನು ಮೊದಲು ಕೈಚಾಚಬೇಕು. ದೊಡ್ಡ ಅಂಗಡಿಯವನು, ಸಾರಿಗೆಯವನು, ಬ್ಯಾಂಕಿನವನು ಕೊಳ್ಳತೊಡಗಿದರೆ ಸೊಪ್ಪಿನವಳು ತಾನಾಗಿಯೇ ಕೊಳ್ಳುತ್ತಾಳೆ. ಅವರು ಹಿಂಜರಿದು, ಅವಳಿಗೆ ಧೈರ್ಯವನ್ನು ಬೋಧಿಸುವುದು ಅಧರ್ಮ.

ಎರಡನೆಯ ದೃಷ್ಟಾಂತವು ಉಪ್ಪಿನದು. ನೋಟುಗಳು ರದ್ದಾದ ಮೂರನೆಯ ದಿನ, ೨೦೧೬ರ ನವೆಂಬರ್ ೧೧ರ ಸಂಜೆ, ಉತ್ತರ ಪ್ರದೇಶ, ದೆಹಲಿ ಮೊದಲಾದ ಕಡೆಗಳಲ್ಲಿ ಉಪ್ಪು ಮುಗಿದುಹೋಗುತ್ತಿದೆಯೆಂಬ ಸುದ್ದಿ ಹಬ್ಬಿತು. ಕಿಲೋ ಉಪ್ಪು ಇನ್ನೂರು ರೂಪಾಯಿಯಾಗಿದೆ, ಅದಕ್ಕೂ ಮೇಲೇರಿದೆ ಎಂಬ ಮಾತುಗಳು ಓಡಾಡಿದವು. ಕೈಯಲ್ಲಿ ಚಲಾವಣೆಯ ನೋಟಿಲ್ಲದ ಜನರು ರಾತ್ರಿಯಲ್ಲಿ ಅಂಗಡಿಗಳ ಮುಂದೆ ನೆರೆದರು. ಭಾರತವು ಪ್ರಪಂಚದಲ್ಲಿ ಅತ್ಯಧಿಕವಾಗಿ ಉಪ್ಪನ್ನು ಉತ್ಪಾದಿಸುವ ದೇಶಗಳಲ್ಲೊಂದು. ದೇಶದ ಉಪ್ಪಿನ ಬಹುಭಾಗವು ಗುಜರಾತಿನ ಗದ್ದೆಗಳಲ್ಲಿಯೇ ಬೆಳೆಯುತ್ತದೆ. ಸಮುದ್ರವು ಬತ್ತಿರಲಿಲ್ಲ, ಬಿಸಿಲು ಮಾಯವಾಗಿರಲಿಲ್ಲ. ಉಪ್ಪಿಗೆ ಕೊರತೆಯಿಲ್ಲವೆಂದು ಸರ್ಕಾರವೂ ಕೂಡಲೆ ಸ್ಪಷ್ಟಪಡಿಸಿತು. ಆದರೂ ಕೆಲವು ಗಂಟೆಗಳ ಮಟ್ಟಿಗೆ ಕೆಲವು ಅಂಗಡಿಗಳಲ್ಲಿ ಉಪ್ಪು ನಿಜವಾಗಿಯೂ ಮುಗಿಯಿತು.

ನಾಣ್ಯದ ಸುಳ್ಳಿಗೂ ಉಪ್ಪಿನ ಸುಳ್ಳಿಗೂ ಇರುವ ಒಳಸಂಬಂಧವು ಇಲ್ಲಿ ವ್ಯಕ್ತವಾಗುತ್ತದೆ. ಎರಡೂ ತಮ್ಮನ್ನು ತಾವೇ ನಿಜಮಾಡಿಕೊಳ್ಳುವ ಸುಳ್ಳುಗಳು. ‘ಮಳೆ ಬರುತ್ತಿದೆ’ ಎಂದು ಒಬ್ಬನು ಸುಳ್ಳು ಹೇಳಿದರೆ ಅದನ್ನು ಊರೇ ನಂಬಿದರೂ ಮಳೆ ಬಾರದು. ‘ಉಪ್ಪು ಸಿಕ್ಕುವುದಿಲ್ಲ’ ಎಂದು ಹೇಳಿದರೆ, ನಂಬಿದವರು ಹತ್ತು ಹತ್ತು ಕಿಲೋ ಕೊಂಡುಹೋಗುವುದರಿಂದ ಹಿಂದೆ ಬಂದವನಿಗೆ ಉಪ್ಪು ಸಿಕ್ಕುವುದಿಲ್ಲ. ಆಗ ಸುಳ್ಳಾಡಿದವನೂ ‘ನಾನು ಹೇಳಲಿಲ್ಲವೇ?’ ಎಂದು ಎದೆಯುಬ್ಬಿಸುತ್ತಾನೆ. ಹೀಗೆ ಕೊಂಡವರಲ್ಲಿ ಎಷ್ಟೋ ಮಂದಿ ಸುದ್ದಿಯನ್ನು ಸಂಪೂರ್ಣವಾಗಿ ನಂಬಿದವರಲ್ಲ. ‘ಉಪ್ಪೇನೋ ಇದ್ದೀತು, ಆದರೆ ಇವರೆಲ್ಲರೂ ಕೊಂಡು ಮುಗಿಸಿಬಿಟ್ಟರೆ?’ ಎಂಬ ಲೆಕ್ಕ ಅವರದು. ಐವರಿರುವ ಮನೆಗೆ ತಿಂಗಳಿಗೆ ಬೇಕಾದದ್ದು ಒಂದೆರಡು ಕಿಲೋ ಉಪ್ಪು. ಉಳಿದ ಎಂಟು ಕಿಲೋ ಭಯಕ್ಕೆ ಬೇಕಾದದ್ದು.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ಸಹಜವಾಗಿ ನೆನಪಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಅದರಿಂದ ದಾಸೋಹವನ್ನು ನಡೆಸುವುದು ಆ ಮನೆಯ ವ್ರತ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದಳು. ವಿಚಾರಿಸಿದರೆ ಆ ಅಕ್ಕಿಯು ಕದ್ದದ್ದಲ್ಲ, ಬೇಡಿದ್ದಲ್ಲ, ಯಾರಿಗೂ ಬೇಡವಾಗಿ ನೆಲಕ್ಕೆ ಬಿದ್ದದ್ದು. ಲಕ್ಕಮ್ಮನ ಪ್ರಶ್ನೆಯು ಅದು ಯಾರದೆಂಬುದಾಗಿರಲಿಲ್ಲ. ಇದು ಅಗತ್ಯವೋ ಆಸೆಯೋ ಎಂಬುದಾಗಿತ್ತು. ನಾಳೆಗೆ ಇರಲೆಂಬ ಒಂದು ಹಿಡಿ ಅಕ್ಕಿಯ ಹಿಂದೆ ನಾಳೆಯ ಭಯವು ಮನೆಯೊಳಗೆ ಕಾಲಿಡುವುದನ್ನು ಆ ತಾಯಿ ಕಂಡಳು. ಹಣ ಕೊಟ್ಟು ಕೊಂಡ ಎಂಟು ಕಿಲೋ ಉಪ್ಪಿನಲ್ಲಿ ಕಳ್ಳತನವಿಲ್ಲ, ಕಾನೂನಿನ ಉಲ್ಲಂಘನೆಯಿಲ್ಲ. ಆದರೂ ಸಾಲಿನ ಕೊನೆಯಲ್ಲಿ ಬರಿಗೈಯಿಂದ ನಿಂತವನೊಬ್ಬನಿದ್ದಾನೆ.

ಮೂರನೆಯ ದೃಷ್ಟಾಂತವನ್ನು ಹೇಳಲು ನಾಲಗೆ ಹಿಂಜರಿಯುತ್ತದೆ, ಆದರೂ ಹೇಳದಿರುವಂತಿಲ್ಲ. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ದೇಶದ ಅನೇಕ ಭಾಗಗಳಲ್ಲಿ ಮೊಬೈಲುಗಳ ಮೂಲಕ ಹಬ್ಬಿತು. ಅದರೊಡನೆ ಒಂದು ದೃಶ್ಯವೂ ಹರಿದಾಡಿತು: ಮೋಟಾರುಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯ ಒಂದು ಸಂಸ್ಥೆಯು ಮಕ್ಕಳ ರಕ್ಷಣೆಯ ಬಗ್ಗೆ ಜನರನ್ನು ಎಚ್ಚರಿಸಲು ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಅವರು ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಬರಹವಿರುವ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಮಕ್ಕಳನ್ನು ಕಾಯಬೇಕೆಂದು ಮಾಡಿದ ಚಿತ್ರವೇ ಮನುಷ್ಯರನ್ನು ಕೊಲ್ಲಿಸುವ ಆಯುಧವಾಯಿತು. ಆ ವರ್ಷ ಇಂತಹ ಸುದ್ದಿಗಳಿಂದ ರೊಚ್ಚಿಗೆದ್ದ ಗುಂಪುಗಳ ಕೈಯಲ್ಲಿ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ, ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನು ಹೀಗೆಯೇ ಸತ್ತನು.

ಜುಲೈ ೧೩ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ನಡೆದುದು ಇನ್ನೂ ದಾರುಣವಾದದ್ದು. ಹೈದರಾಬಾದಿನಿಂದ ಬಂದ ಕೆಲವರು ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟುಗಳನ್ನು ಕೊಟ್ಟರು. ಅವರು ಮುಂದಿನ ಊರನ್ನು ತಲುಪುವುದಕ್ಕೆ ಮೊದಲೇ ‘ಕಳ್ಳರು ಬರುತ್ತಿದ್ದಾರೆ’ ಎಂಬ ಸಂದೇಶವು ಅಲ್ಲಿಗೆ ತಲುಪಿತು. ದಾರಿಯನ್ನು ಅಡ್ಡಗಟ್ಟಿದ ಗುಂಪಿನ ಹೊಡೆತಕ್ಕೆ ಒಬ್ಬನು ಸತ್ತನು, ಉಳಿದವರು ಗಾಯಗೊಂಡರು, ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟುಬಿದ್ದಿತು. ಕಲ್ಯಾಣವಿರುವುದು ಇದೇ ಜಿಲ್ಲೆಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ನಾನಾ ದೇಶಗಳಿಂದ, ನಾನಾ ಭಾಷೆಗಳನ್ನಾಡುವ ಅಪರಿಚಿತರು ಬಂದಾಗ ‘ಇವನು ಯಾರವನು’ ಎಂದು ಕೇಳದೆ ಮನೆಯ ಮಗನೆಂದು ಒಳಗೆ ಕರೆದ ನೆಲವದು. ಅಪರಿಚಿತನು ಮಗುವಿಗೆ ಸಿಹಿ ಕೊಟ್ಟದ್ದೇ ಅಪರಾಧವೆಂದು ಆ ನೆಲದಲ್ಲಿಯೇ ತೋರಿದ್ದು ಕಾಲದ ಮಹಿಮೆಯೆಂದು ಸುಮ್ಮನಾಗುವ ವಿಷಯವಲ್ಲ.

ಈ ಮೂರು ದೃಷ್ಟಾಂತಗಳಲ್ಲಿಯೂ ಸುಳ್ಳನ್ನು ಹುಟ್ಟಿಸಿದವರು ಕೆಲವರು, ದಾಟಿಸಿದವರು ಲಕ್ಷಾಂತರ. ದಾಟಿಸಿದವರು ಸಾಮಾನ್ಯವಾಗಿ ಮೂರು ಸಮಾಧಾನಗಳನ್ನು ಹೇಳುವುದುಂಟು. ಅವನ್ನು ಪೂರ್ವಪಕ್ಷವಾಗಿಟ್ಟು ವಿಚಾರಿಸಬೇಕು.

ಮೊದಲನೆಯದು: ‘ಎಲ್ಲರೂ ಹಾಗೆ ಮಾಡುವಾಗ ನಾನೊಬ್ಬನು ಮಾಡದಿದ್ದರೇನು?’ ಇದಕ್ಕೆ ಉತ್ತರವು ನಾಣ್ಯದ ಪ್ರಸಂಗದಲ್ಲಿಯೇ ದೊರೆತಿದೆ. ಎಲ್ಲರೂ ಎಂಬ ಒಬ್ಬ ವ್ಯಕ್ತಿಯು ಲೋಕದಲ್ಲಿ ಎಲ್ಲಿಯೂ ಇಲ್ಲ. ಒಬ್ಬೊಬ್ಬನೂ ತನ್ನನ್ನು ಬಿಟ್ಟು ಉಳಿದವರನ್ನು ಎಲ್ಲರೂ ಎಂದು ಎಣಿಸುತ್ತಾನೆ. ಹಾಗೆ ಎಣಿಸುವ ಇಪ್ಪತ್ತು ಅಂಗಡಿಗಳ ಬೀದಿಯಲ್ಲಿ ಒಬ್ಬನು ನಾಣ್ಯವನ್ನು ಕೊಂಡರೆ, ಅವನ ನೆರೆಯವನಿಗೆ ‘ಯಾರೂ ಕೊಳ್ಳುವುದಿಲ್ಲ’ ಎಂದು ಹೇಳುವ ಹಕ್ಕು ಉಳಿಯುವುದಿಲ್ಲ.

ಎರಡನೆಯದು: ‘ನಿಜವಾಗಿದ್ದರೆ ಉಪಕಾರವಾಯಿತು, ಸುಳ್ಳಾದರೆ ನಷ್ಟವೇನು? ಎಚ್ಚರಿಕೆ ಒಳ್ಳೆಯದಲ್ಲವೇ?’ ಇದು ಮೂರರಲ್ಲಿ ಅತ್ಯಂತ ಸಾಧುವಾಗಿ ಕಾಣುವುದು. ಆದುದರಿಂದಲೇ ಅತ್ಯಂತ ಅಪಾಯಕಾರಿಯಾದದ್ದು. ಇದನ್ನು ಹೇಳುವವರು ದುಷ್ಟರಲ್ಲ. ಮಕ್ಕಳ ತಾಯಂದಿರು, ಅಜ್ಜಂದಿರು, ಊರಿನ ಹಿತವನ್ನು ಬಯಸುವವರು. ಸುಳ್ಳು ಎಚ್ಚರಿಕೆಯಿಂದ ನಷ್ಟವೇನೆಂಬುದಕ್ಕೆ ಮುರ್ಕಿಯ ದಾರಿಯೇ ಉತ್ತರ. ಮೇಲಾಗಿ, ಸುಳ್ಳು ಎಚ್ಚರಿಕೆಯು ನಿಜವಾದ ಎಚ್ಚರಿಕೆಯ ಬೆಲೆಯನ್ನೂ ಕಳೆಯುತ್ತದೆ. ಹತ್ತು ಸಲ ಹುಲಿ ಬಂತೆಂದು ಕೂಗಿದ ಊರಿಗೆ ಹನ್ನೊಂದನೆಯ ಸಲ ಯಾರೂ ಓಡಿಬರುವುದಿಲ್ಲ. ಖೋಟಾ ನಾಣ್ಯವು ಹೆಚ್ಚಿದಂತೆ ಜನರು ಅಸಲು ನಾಣ್ಯವನ್ನೂ ಕಲ್ಲಿಗೆ ಹಾಕಿ ಬಾರಿಸಿ ನೋಡುವಂತೆ.

ಮೂರನೆಯದು: ‘ಇದು ನಾನು ಹೇಳಿದ್ದಲ್ಲ. ನನಗೆ ಬಂದಿತು, ಇನ್ನೊಬ್ಬರಿಗೆ ಕಳಿಸಿದೆ.’ ಎಲ್ಲಕ್ಕಿಂತಲೂ ಹೆಚ್ಚಾಗಿ ಕೇಳಿಬರುವ ಸಮಾಧಾನವಿದು. ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ ಮೊದಲಾದುವುಗಳೊಡನೆ ಶಬ್ದವೂ ಒಂದು ಪ್ರಮಾಣ. ಕಣ್ಣಾರೆ ಕಾಣದುದನ್ನೂ ಮಾತಿನಿಂದ ತಿಳಿಯಬಹುದು. ಇಲ್ಲದಿದ್ದರೆ ಲೋಕವ್ಯವಹಾರವೇ ಸಾಗದು. ಆದರೆ ಯಾರ ಮಾತಾದರೂ ಪ್ರಮಾಣವಾಗದು, ಆಪ್ತನ ಮಾತು ಮಾತ್ರ. ಆಪ್ತನೆಂದರೆ ಪ್ರೀತಿಯ ನೆಂಟನಲ್ಲ. ವಿಷಯವನ್ನು ಇದ್ದಂತೆ ಕಂಡು, ಇದ್ದಂತೆ ಹೇಳಬಲ್ಲವನು. ಇಂದಿನ ದೊಡ್ಡ ಗೊಂದಲವು ಈ ಎರಡು ಅರ್ಥಗಳ ಬೆರಕೆಯಲ್ಲಿದೆ. ಸಂದೇಶವನ್ನು ಕಳಿಸಿದವನು ಸೋದರಮಾವನು, ಗೆಳೆಯನು, ನೆರೆಮನೆಯ ಉಪಾಧ್ಯಾಯನು. ಅವನು ಪ್ರೀತಿಯಲ್ಲಿ ಆಪ್ತನಾದುದರಿಂದ ಪ್ರಮಾಣದಲ್ಲಿಯೂ ಆಪ್ತನೆಂದು ಜನರು ತಿಳಿಯುತ್ತಾರೆ. ಆದರೆ ಅವನೂ ಕಂಡವನಲ್ಲ. ಅವನಿಗೆ ಹೇಳಿದವನೂ ಕಂಡವನಲ್ಲ. ಕುರುಡನ ಹೆಗಲ ಮೇಲೆ ಕುರುಡನು ಕೈಯಿಟ್ಟು ನಡೆಯುವ ಅಂಧಪರಂಪರೆಯಿದು. ಸಾಲು ಎಷ್ಟು ಉದ್ದವಾದರೂ ಕಣ್ಣಿನ ಸಂಖ್ಯೆ ಹೆಚ್ಚುವುದಿಲ್ಲ. ಈ ಸಾಲಿನಲ್ಲಿ ‘ನಾನು ಹೇಳಿದ್ದಲ್ಲ’ ಎನ್ನುವವನು ಒಂದು ಮುಖ್ಯಾಂಶವನ್ನು ಮರೆಯುತ್ತಾನೆ. ಮುಂದಿನವನು ನಂಬುವುದು ಸುದ್ದಿಯನ್ನಲ್ಲ, ಅದನ್ನು ಕಳಿಸಿದ ಇವನನ್ನು. ಸುಳ್ಳಿಗೆ ತನ್ನದೆಂಬ ಬೆಲೆಯಿಲ್ಲ. ದಾಟಿಸಿದವನ ಒಳ್ಳೆಯ ಹೆಸರೇ ಅದಕ್ಕೆ ಬೆಲೆ.

ಇಲ್ಲಿಯೇ ವಚನಕಾರರ ಒಂದು ಪದ್ಧತಿಯು ವಿಶೇಷವಾದ ಅರ್ಥವನ್ನು ಪಡೆಯುತ್ತದೆ. ಪ್ರತಿಯೊಂದು ವಚನದಲ್ಲಿಯೂ ಅಂಕಿತವಿರುತ್ತದೆ. ಬಸವಣ್ಣನವರು ಕೂಡಲಸಂಗಮದೇವನೆಂದೂ, ಅಲ್ಲಮಪ್ರಭುಗಳು ಗುಹೇಶ್ವರನೆಂದೂ, ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನೆಂದೂ ತಮ್ಮ ನುಡಿಗೆ ಮುದ್ರೆಯನ್ನೊತ್ತಿದರು. ಅಕ್ಕಿಯನ್ನು ಆಯುವ ಮನೆಯ ಲಕ್ಕಮ್ಮನಿಗೂ ಅವಳದೇ ಅಂಕಿತವಿತ್ತು. ಇದನ್ನು ಕವಿಯ ಗುರುತೆಂದಷ್ಟೇ ತಿಳಿದರೆ ಸಾಲದು. ಇಷ್ಟದೇವನ ಹೆಸರನ್ನು ಕೊನೆಯಲ್ಲಿಟ್ಟು ನುಡಿದ ಮಾತು ಅವನ ಸಾಕ್ಷಿಯಲ್ಲಿ ನುಡಿದ ಮಾತು. ಹಾಗೆ ನುಡಿದವನು ಅದರಿಂದ ತಪ್ಪಿಸಿಕೊಳ್ಳಲಾರನು. ಮುದ್ರೆಯಿರುವುದರಿಂದಲೇ ನಾಣ್ಯವು ನಾಣ್ಯವಾಗುತ್ತದೆ. ಅದಿಲ್ಲದಿದ್ದರೆ ಲೋಹದ ತುಂಡು. ವಚನವೆಂಬ ಶಬ್ದಕ್ಕೆ ‘ಕೊಟ್ಟ ಮಾತು’, ‘ಆಣೆ’ ಎಂಬ ಅರ್ಥವೂ ಲೋಕರೂಢಿಯಲ್ಲಿರುವುದು ಆಕಸ್ಮಿಕವಲ್ಲ. ಗಾಳಿಸುದ್ದಿಗೆ ಅಂಕಿತವೊಂದೇ ಇಲ್ಲ. ‘ಎಲ್ಲರಿಗೂ ತಿಳಿಸಿ’ ಎಂಬ ಆಜ್ಞೆ ಅದರ ಕೊನೆಯಲ್ಲಿರುತ್ತದೆ; ಆಜ್ಞೆಯನ್ನು ಕೊಟ್ಟವನ ಹೆಸರಿರುವುದಿಲ್ಲ. ಆದುದರಿಂದ ಒಂದು ಮಾತನ್ನು ಮುಂದಕ್ಕೆ ಕಳಿಸುವ ಮುನ್ನ ಗೃಹಸ್ಥನು ತನ್ನನ್ನು ತಾನು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈ ನುಡಿಯ ಕೆಳಗೆ ನನ್ನ ಅಂಕಿತವನ್ನು ಇಡಬಲ್ಲೆನೇ? ಇಡಲಾರದ ನುಡಿಯನ್ನು ದಾಟಿಸುವ ಅಧಿಕಾರವೂ ಅವನಿಗಿಲ್ಲ.

೨೦೧೮ರ ಹತ್ಯೆಗಳ ತರುವಾಯ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ಕಟ್ಟುಮಾಡಿತು. ದಾಟಿಸಿದ ಸಂದೇಶವೆಂಬ ಗುರುತನ್ನೂ ಹಾಕಿತು. ೨೦೨೦ರ ಏಪ್ರಿಲಿನಲ್ಲಿ, ಅನೇಕ ಸಲ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿಯನ್ನು ಬಿಗಿಗೊಳಿಸಿತು. ಇದು ಒಳ್ಳೆಯದೇ. ಆದರೆ ಮನುಷ್ಯನ ನಾಲಗೆಗೆ ಇರಬೇಕಾದ ನಿಯಮವನ್ನು ಯಂತ್ರದ ಮೇಲೆ ಹೇರಬೇಕಾಗಿ ಬಂದದ್ದು ವಿಷಾದದ ಸಂಗತಿ. ಯಂತ್ರವು ಸಂಖ್ಯೆಯನ್ನು ಎಣಿಸಬಲ್ಲದು, ಸತ್ಯವನ್ನು ಎಣಿಸಲಾರದು. ಐದು ಮಂದಿಗೆ ಕಳಿಸಿದ ಸುಳ್ಳೂ ಸುಳ್ಳೇ. ಒಬ್ಬನಿಗೆ ಕಳಿಸಿದ ಸುಳ್ಳು ಆ ಒಬ್ಬನ ಬೆತ್ತಕ್ಕೆ ಬಲವಾಗಬಹುದು.

ಇನ್ನು ಆಚರಣೆಯ ಮಾತು. ಮೂರು ಸರಳವಾದ ನಿಯಮಗಳನ್ನು ಪ್ರತಿಯೊಂದು ಮನೆಯವರೂ ಪಾಲಿಸಬಹುದು. ಸುದ್ದಿಯನ್ನು ಮುಂದಕ್ಕೆ ಕೊಡುವ ಮುನ್ನ ‘ಕಂಡವರಾರು?’ ಎಂದು ಕೇಳುವುದು. ಪದಾರ್ಥವನ್ನು ಕೊಳ್ಳುವ ಮುನ್ನ ‘ಇದು ಅಗತ್ಯಕ್ಕೋ, ಅಂಜಿಕೆಗೋ?’ ಎಂದು ಲಕ್ಕಮ್ಮನಂತೆ ಕೇಳುವುದು. ಸಲ್ಲುವ ನಾಣ್ಯವನ್ನು ಬಡವನು ಮುಂದೊಡ್ಡಿದಾಗ ಬೇರೆಯವರ ಮುಖವನ್ನು ನೋಡದೆ ಕೊಳ್ಳುವುದು. ಇವುಗಳ ಜೊತೆಗೆ ನಾಲ್ಕನೆಯದೊಂದು ಉಂಟು, ಅದು ಕಠಿಣವಾದದ್ದು. ತಾನು ದಾಟಿಸಿದ ಮಾತು ಸುಳ್ಳೆಂದು ತಿಳಿದುಬಂದರೆ, ಅದನ್ನು ಯಾರುಯಾರಿಗೆ ಕೊಟ್ಟಿದ್ದನೋ ಅವರೆಲ್ಲರಿಗೂ ‘ಅದು ನಿಜವಲ್ಲ’ವೆಂದು ಹೇಳಿಕಳಿಸುವುದು. ಕೊಟ್ಟ ನಾಣ್ಯ ಖೋಟಾ ಎಂದು ತಿಳಿದರೆ ಅದನ್ನು ಹಿಂದಕ್ಕೆ ಪಡೆದು ಬೇರೆಯದನ್ನು ಕೊಡುವುದು ವ್ಯಾಪಾರದ ಮರ್ಯಾದೆ; ಮಾತಿಗೂ ಆ ಮರ್ಯಾದೆ ಬೇಕು. ಸುದ್ದಿಯನ್ನು ಕಳಿಸಲು ಇರುವ ಉತ್ಸಾಹವು ತಿದ್ದುಪಡಿಯನ್ನು ಕಳಿಸಲು ಇರುವುದಿಲ್ಲ, ಏಕೆಂದರೆ ಮೊದಲನೆಯದರಲ್ಲಿ ‘ನಾನು ಬಲ್ಲೆ’ನೆಂಬ ಹೆಮ್ಮೆಯಿದೆ, ಎರಡನೆಯದರಲ್ಲಿ ಅದು ಕರಗಬೇಕು.

ನಾಣ್ಯಕ್ಕೆ ಬೆಲೆ ಕಟ್ಟಲು ಸರ್ಕಾರವಿದೆ, ಬ್ಯಾಂಕಿದೆ, ಕಾನೂನಿದೆ. ನುಡಿಗೆ ಬೆಲೆ ಕಟ್ಟುವವರು ಅದನ್ನು ಆಡುವವರೇ. ಸಂಜೆ ಸೊಪ್ಪಿನವಳ ಗಂಟಿನಲ್ಲಿರುವ ಐದು ನಾಣ್ಯಗಳು ಬೇಳೆಯಾಗಿ ಮನೆಗೆ ಹೋಗುವವೋ, ನಾಣ್ಯಗಳಾಗಿಯೇ ಹಿಂದಿರುಗುವವೋ ಎಂಬುದನ್ನು ಆ ಬೀದಿಯ ಜನರು ದಿನವೆಲ್ಲ ಆಡಿದ, ಕೇಳಿದ, ದಾಟಿಸಿದ ಮಾತುಗಳು ನಿರ್ಧರಿಸುತ್ತವೆ. ನುಡಿಯ ಹೊಣೆಯು ಅಷ್ಟು ಹತ್ತಿರದ್ದು.